ಬಾರಿನ ಚೆಸ್ ಸಂಜೆಗಳಲ್ಲಿ ಹೊಸಬರು ಉಳಿಯುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಾಲ್ಕನೇ ಮನೆ

ವಾರಕ್ಕೊಂದು ಸಂಜೆ ಬಾರಿನಲ್ಲಿ ಚೆಸ್ ಆಡಲು ಸೇರುವ ಗುಂಪೊಂದನ್ನು ನಾನು ಮತ್ತು ಇನ್ನಿಬ್ಬರು ನೋಡಿಕೊಳ್ಳುತ್ತಿದ್ದೇವೆ. ಪ್ರವೇಶ ಶುಲ್ಕವಿಲ್ಲ, ಬಹುಮಾನವಿಲ್ಲ, ಮುಂಚಿತವಾಗಿ ಹೆಸರು ಕೊಡಬೇಕೆಂಬ ಕಟ್ಟಳೆಯೂ ಇಲ್ಲ. ಬಂದವರು ಖಾಲಿಯಿರುವ ಬೋರ್ಡಿನ ಮುಂದೆ ಕುಳಿತು ಆಡಬಹುದು. ಎಲ್ಲ ಮಟ್ಟದವರಿಗೂ ಸ್ವಾಗತ ಎಂದು ಹೇಳಿಕೊಂಡಿದ್ದೇವಾದರೂ ನಡೆಯುತ್ತಿರುವುದೇ ಬೇರೆ. ನುರಿತ ಆಟಗಾರರು ಬಂದ ಕೂಡಲೇ ತಮ್ಮತಮ್ಮಲ್ಲೇ ಜೊತೆಯಾಗಿ ಗೋಡೆ ಬದಿಯ ಮೇಜುಗಳನ್ನು ಹಿಡಿದರೆ ಬಾರು ಮುಚ್ಚುವವರೆಗೂ ಏಳುವುದಿಲ್ಲ. ಹೊಸಬರು ಕೈಯಲ್ಲಿ ಲೋಟ ಹಿಡಿದು ಅವರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ, ಯಾರೂ ತಲೆಯೆತ್ತದಿರುವುದನ್ನು ಕಂಡು ಮೆಲ್ಲನೆ ಹೊರಟುಬಿಡುತ್ತಾರೆ. ಧೈರ್ಯ ಮಾಡಿ ಆಡಲು ಕೂತವರಲ್ಲೂ ಹಲವರು ಹತ್ತು ಹದಿನೈದು ನಡೆಗಳೊಳಗೆ ರಾಣಿಯನ್ನು ಕಳೆದುಕೊಂಡು, ಮುಂದಿನ ವಾರ ಮುಖ ತೋರಿಸುವುದಿಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟು. ಆಟಗಾರರನ್ನು ಜೊತೆ ಮಾಡುವ ಕೆಲಸವನ್ನು ನಾವೇ ವಹಿಸಿಕೊಳ್ಳಬೇಕೇ, ಇಲ್ಲವೇ ಅದು ಅವರವರಿಗೇ ಬಿಟ್ಟ ವಿಷಯವೇ? ಸಣ್ಣದೊಂದು ಟೂರ್ನಿಯ ರೂಪ ಕೊಟ್ಟರೆ ಎಲ್ಲರೂ ಎಲ್ಲರೊಡನೆ ಆಡುವಂತಾಗಬಹುದೇ? ಇಬ್ಬರೂ ಯೋಚಿಸುವ ಸಮಯವನ್ನು ಅಳೆಯುವ ಚೆಸ್ ಗಡಿಯಾರ ಇಡುವುದು ಸರಿಯೇ? ಜೊತೆಗೆ, ನಮ್ಮವರು ಇಡೀ ಸಂಜೆ ಮೇಜುಗಳನ್ನು ಹಿಡಿದುಕೊಂಡು ಕೂರುತ್ತಾರೆಂಬ ಅಸಮಾಧಾನ ಬಾರಿನ ಮಾಲೀಕರಲ್ಲಿ ನಿಧಾನವಾಗಿ ಮೂಡುತ್ತಿರುವಂತಿದೆ. ಇಂಥ ಕೂಟಗಳನ್ನು ನಡೆಸಿದವರು ಅದನ್ನು ಹೇಗೆ ನಿಭಾಯಿಸಿದ್ದೀರಿ?

ಉತ್ತರ: ಓರೆನಡೆ

ಜೊತೆ ಮಾಡುವ ಕೆಲಸವನ್ನು ನೀವೇ ವಹಿಸಿಕೊಳ್ಳಲೇಬೇಕು. ಮೂವರಿದ್ದೀರಿ ಎಂದಿರಿ, ಸಂಜೆಯ ಮೊದಲ ಒಂದು ಗಂಟೆಯಾದರೂ ಮೂವರಲ್ಲಿ ಒಬ್ಬರು ಆಟಕ್ಕೆ ಕೂರದೆ ಬಾಗಿಲಿನ ಹತ್ತಿರವೇ ಇರಲಿ. ಬಾರಿನೊಳಕ್ಕೆ ಬಂದ ಅಪರಿಚಿತರಿಗೆ ಯಾರು ಗುಂಪಿನವರು, ಯಾರು ಬರಿಯ ಗಿರಾಕಿ, ಯಾವ ಬೋರ್ಡು ಖಾಲಿ ಇದೆ, ಯಾವುದು ಎದ್ದು ಹೋದವರಿಗಾಗಿ ಕಾಯುತ್ತಿದೆ ಎಂಬುದು ಒಂದೂ ತಿಳಿಯುವುದಿಲ್ಲ. ಕ್ಲಬ್ಬಿನಲ್ಲಾದರೆ ಬಂದವರೆಲ್ಲ ಆಡಲೆಂದೇ ಬಂದವರು. ಬಾರಿನಲ್ಲಿ ಹಾಗಲ್ಲ, ಆದ್ದರಿಂದಲೇ ಮಾತನಾಡಿಸುವವರೊಬ್ಬರು ಇಲ್ಲಿ ಹೆಚ್ಚು ಅಗತ್ಯ.

ಮಾತನಾಡಿಸುವಾಗ ರೇಟಿಂಗ್, ಅಂದರೆ ಆಟದ ಬಲವನ್ನು ಸೂಚಿಸುವ ಸಂಖ್ಯೆ, ಎಷ್ಟೆಂದು ಕೇಳಬೇಡಿ. ಉತ್ತರ ಕೊಡುವವರ ಬಳಿಯಿರುವ ಸಂಖ್ಯೆ ಯಾವ ಅಳತೆಯದೆಂಬುದೇ ಗೊಂದಲ. ಅಂತರ್ಜಾಲದ ಚೆಸ್ ತಾಣ ಲಿಚೆಸ್‌ನಲ್ಲಿ ಹೊಸ ಖಾತೆ ತೆರೆದವರೆಲ್ಲರೂ 1500ರಿಂದ ಆರಂಭಿಸುತ್ತಾರೆ. ಆ ಸಂಖ್ಯೆಯನ್ನು ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್‌ನ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಸಂಖ್ಯೆಯೇ ಇಲ್ಲದವರಿಗಂತೂ ಆ ಪ್ರಶ್ನೆಯೇ ಇದು ನಿಮ್ಮಂಥವರ ಜಾಗವಲ್ಲ ಎಂದು ಹೇಳಿದಂತೆ ಕೇಳಿಸುತ್ತದೆ. ಬದಲಿಗೆ, ಕೊನೆಯ ಬಾರಿ ಆಡಿದ್ದು ಯಾವಾಗ, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಮಾಡುವುದು ನೆನಪಿದೆಯೇ ಎಂದು ಕೇಳಿ ನೋಡಿ. ಈ ಎರಡು ಮಾತಿಗೆ ಬರುವ ಉತ್ತರದ ಧಾಟಿಯಿಂದಲೇ ಅವರನ್ನು ಯಾರ ಎದುರು ಕೂರಿಸಬೇಕೆಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಟೂರ್ನಿಯ ವಿಚಾರ ಬಂದಾಗ ಎಲ್ಲರೂ ಮೊದಲು ಯೋಚಿಸುವುದು ಸ್ವಿಸ್ ಪದ್ಧತಿಯನ್ನು, ಅಂದರೆ ಸೋತವರನ್ನು ಹೊರಹಾಕದೆ ಪ್ರತಿ ಸುತ್ತಿನಲ್ಲೂ ಸರಿಸುಮಾರು ಸಮಾನ ಅಂಕ ಗಳಿಸಿದವರನ್ನು ಜೊತೆ ಮಾಡುವ ಕ್ರಮವನ್ನು. 1895ರಲ್ಲಿ ಜ್ಯೂರಿಕ್‌ನಲ್ಲಿ ಬಳಕೆಗೆ ಬಂದಾಗಿನಿಂದ ಅದು ಹೆಚ್ಚು ಜನರಿರುವ, ಕಡಿಮೆ ಸುತ್ತುಗಳ ಸ್ಪರ್ಧೆಗಳಿಗೆ ಒದಗಿಬಂದಿದೆ ನಿಜ. ಆದರೆ ಅದರ ಮೊದಲ ಸುತ್ತನ್ನು ಗಮನಿಸಿ. ಆಟಗಾರರನ್ನು ಬಲಾಬಲದ ಕ್ರಮದಲ್ಲಿ ಸಾಲಾಗಿಸಿ, ಪಟ್ಟಿಯನ್ನು ಎರಡು ಭಾಗ ಮಾಡಿ, ಮೇಲಿನ ಅರ್ಧದ ಮೊದಲಿಗರನ್ನು ಕೆಳಗಿನ ಅರ್ಧದ ಮೊದಲಿಗರೊಂದಿಗೆ ಆಡಿಸುವುದು ಅದರ ಕ್ರಮ. ಅಂದರೆ ಕೆಳಗಿನ ಅರ್ಧದಲ್ಲಿರುವ ಪ್ರತಿಯೊಬ್ಬರಿಗೂ ತಮಗಿಂತ ಬಹಳ ಬಲಶಾಲಿಯಾದ ಎದುರಾಳಿಯೇ ಸಂಜೆಯ ಮೊದಲ ಆಟದಲ್ಲಿ ಸಿಗುತ್ತಾರೆ. ರೇಟಿಂಗ್ ಕಟ್ಟಲು ಬಳಸುವ ಎಲೋ ಲೆಕ್ಕದ ಪ್ರಕಾರ ಇಬ್ಬರ ರೇಟಿಂಗ್ ನಡುವೆ 200 ಅಂಕಗಳ ಅಂತರವಿದ್ದರೆ ಬಲಶಾಲಿಗೆ ಸರಾಸರಿ ನಾಲ್ಕು ಆಟಗಳಲ್ಲಿ ಮೂರು ಅಂಕ ದಕ್ಕುತ್ತದೆ. ಅಂತರ 400 ಆದರೆ ಹತ್ತರಲ್ಲಿ ಒಂಬತ್ತು. ಬಾರಿಗೆ ಬರುವವರ ನಡುವಿನ ಅಂತರ ಅದಕ್ಕಿಂತಲೂ ದೊಡ್ಡದು. ಆಮೇಲಿನ ಸುತ್ತುಗಳಲ್ಲಿ ಸಮಬಲರು ಒಟ್ಟಾಗುತ್ತಾರೆಂಬುದು ಸರಿಯೇ, ಆದರೆ ಅಷ್ಟು ಹೊತ್ತಿಗೆ ಹೊಸಬರು ಬಿಲ್ ಕೊಟ್ಟು ಎದ್ದಿರುತ್ತಾರೆ. ಟೂರ್ನಿ ಬೇಕೇಬೇಕೆನ್ನುವವರಿಗಾಗಿ ತಿಂಗಳಿಗೊಂದು ಸಂಜೆಯನ್ನು ಬೇರೆಯಾಗಿಯೇ ಇಡಿ.

ನುರಿತವರನ್ನು ಗೋಡೆಯ ಬದಿಯಿಂದ ಏಳಿಸುವುದಕ್ಕೆ ಹಳೆಯ ಉಪಾಯವೊಂದಿದೆ, ರಿಯಾಯಿತಿ ಆಟ. 19ನೇ ಶತಮಾನದಲ್ಲಿ ಬಲಾಬಲದ ಅಂತರವಿದ್ದವರು ಕಾಯಿ ಬಿಟ್ಟುಕೊಟ್ಟು ಆಡುವುದು ಸಾಮಾನ್ಯ ರೂಢಿಯಾಗಿತ್ತು. ಅಂತರ ಸಣ್ಣದಿದ್ದರೆ ಬಲಶಾಲಿಯು ಕಪ್ಪು ಕಾಯಿ ಹಿಡಿದು, ರಾಜನ ಬದಿಯ ಒಂಟೆಯ ಮುಂದಿರುವ ಪದಾತಿಯನ್ನು ತೆಗೆದಿಟ್ಟು ಆಡುತ್ತಿದ್ದರು. ದೊಡ್ಡದಿದ್ದರೆ ಕುದುರೆ, ಆನೆ, ಕೊನೆಗೆ ರಾಣಿಯನ್ನೇ ಬಿಡುತ್ತಿದ್ದರು. ಇಂದಿನವರಿಗೆ ಕಾಯಿ ತೆಗೆಯುವುದು ಅವಮಾನವೆನಿಸಬಹುದಾದ್ದರಿಂದ ಸಮಯದ ರಿಯಾಯಿತಿ ಹೆಚ್ಚು ಒಪ್ಪಿತವಾಗುತ್ತದೆ: ಹೊಸಬರಿಗೆ ಹತ್ತು ನಿಮಿಷ, ನುರಿತವರಿಗೆ ಎರಡೋ ಮೂರೋ ನಿಮಿಷ. ಗಡಿಯಾರದ ಒತ್ತಡದಲ್ಲಿ ಆಡುವುದು ನುರಿತವರಿಗೂ ಇಷ್ಟ, ಹೀಗಾಗಿ ಅವರಿಗೆ ಇದು ಪರೋಪಕಾರದಂತೆ ಅನಿಸುವುದಿಲ್ಲ.

ಉತ್ತರ: ಹಸಿರುಬಿಳಿ

ಮೇಲಿನವರು ಹೇಳಿದ್ದಕ್ಕೆ ಸಲಕರಣೆಯ ವಿಚಾರವನ್ನಷ್ಟೇ ಸೇರಿಸುತ್ತೇನೆ. ಬಾರಿನ ಮಂದ ಬೆಳಕಿನಲ್ಲಿ ಕಂದು ಮನೆಗಳ ಮರದ ಬೋರ್ಡಿನ ಮೇಲೆ ಗಾಢ ಬಣ್ಣದ ಕಾಯಿಗಳು ಕಣ್ಣಿಗೆ ಬೀಳುವುದಿಲ್ಲ. ಮೂಲೆಯಿಂದ ಗುರಿಯಿಟ್ಟ ಒಂಟೆಯನ್ನು ಹೊಸಬರು ಕಾಣದೆ ರಾಣಿಯನ್ನು ಕಳೆದುಕೊಂಡರೆ ಅದರಲ್ಲಿ ದೀಪದ ಪಾಲೂ ಇರುತ್ತದೆ. ಸುರುಳಿ ಸುತ್ತಬಹುದಾದ ಹಸಿರು ಬಿಳಿಯ ವಿನೈಲ್ ಬೋರ್ಡು, ಅಡಿಯಲ್ಲಿ ತೂಕ ತುಂಬಿದ ಪ್ಲಾಸ್ಟಿಕ್ ಕಾಯಿಗಳು ಇದಕ್ಕೆ ತಕ್ಕವು. ಚೆಲ್ಲಿದ್ದನ್ನು ಒರೆಸಿದರಾಯಿತು, ಮೇಜು ಅಲುಗಿದರೂ ಕಾಯಿ ಉರುಳುವುದಿಲ್ಲ. ಸ್ಪರ್ಧೆಯ ಅಳತೆಯಲ್ಲಿ ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್, ಒಂದು ಮನೆಯ ಅಗಲ 5ರಿಂದ 6 ಸೆಂಟಿಮೀಟರ್. ಅಂಥ ಬೋರ್ಡು ಬಾರಿನ ಸಣ್ಣ ದುಂಡು ಮೇಜನ್ನು ಪೂರ್ತಿ ಆವರಿಸಿಕೊಳ್ಳುವುದರಿಂದ ಲೋಟಗಳು ಅನಿವಾರ್ಯವಾಗಿ ಬೋರ್ಡಿನ ಅಂಚಿಗೇ ಬರುತ್ತವೆ. ಲೋಟಕ್ಕೆ ಪಕ್ಕದಲ್ಲಿ ಸ್ಟೂಲೊಂದನ್ನು ಇರಿಸಿ. ಅದು ಸಾಧ್ಯವಿಲ್ಲದಿದ್ದರೆ ಗಡಿಯಾರ ಒಂದು ಬದಿಗೆ, ಎರಡೂ ಲೋಟಗಳು ಇನ್ನೊಂದು ಬದಿಗೆ ಇರಲಿ. ಗಡಿಯಾರ ಒತ್ತಲು ಆತುರದಿಂದ ಚಾಚಿದ ಕೈಗೆ ಲೋಟ ತಗುಲಿದರೆ ಆ ಆಟ ಅಲ್ಲಿಗೇ ಮುಗಿಯಿತು.

ಉತ್ತರ: ಕಾಲಾಳು

ಓರೆನಡೆಯವರ ಮಾತುಗಳಲ್ಲಿ ಬಹುಪಾಲು ಒಪ್ಪುತ್ತೇನೆ, ಗಡಿಯಾರದ ಮಾತೊಂದನ್ನು ಬಿಟ್ಟು. ಎದುರಾಳಿಯ ಮುಖ, ಸುತ್ತಲಿನ ಗದ್ದಲ, ತನ್ನದೇ ಸಂಕೋಚ ಇವುಗಳೊಂದಿಗೆ ಹೆಣಗುತ್ತಿರುವ ಹೊಸಬರ ಮುಂದೆ ಗಡಿಯಾರವನ್ನೂ ತಂದಿಟ್ಟರೆ, ಹತ್ತು ನಿಮಿಷವಿರಲಿ ಇಪ್ಪತ್ತಿರಲಿ, ಅವರ ಕಣ್ಣು ಬೋರ್ಡಿನ ಮೇಲೆ ನಿಲ್ಲುವುದಿಲ್ಲ. ನಡೆ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕೆಂಬ ನಿಯಮ ಅವರಿಗೆ ಗೊತ್ತಿರುವುದಿಲ್ಲ. ಒತ್ತಲು ಮರೆತು ಕುಳಿತವರಿಗೆ ಎದುರಾಳಿ ನೆನಪಿಸುವುದೋ ಬಿಡುವುದೋ ಎಂಬುದೇ ಒಂದು ಮುಜುಗರ. ಅರ್ಧದಷ್ಟು ಮೇಜುಗಳಲ್ಲಾದರೂ ಗಡಿಯಾರವೇ ಇರಬಾರದು ಎಂಬುದು ನನ್ನ ಅಭಿಪ್ರಾಯ.

ಚೆಸ್ ಇಂಥ ಜಾಗಗಳಲ್ಲಿಯೇ ಬೆಳೆದ ಆಟ ಎಂಬುದನ್ನೂ ಇಲ್ಲಿ ನೆನೆಯಬೇಕು. ಪ್ಯಾರಿಸ್‌ನ ಕೆಫೆ ದ ಲಾ ರೆಜಾನ್ಸ್‌ನಲ್ಲಿ 18ನೇ ಶತಮಾನದಲ್ಲಿ ಫ್ರಾನ್ಸಿನ ಹೆಸರಾಂತ ಆಟಗಾರ ಫಿಲಿಡೋರ್ ಆಡುತ್ತಿದ್ದರು. 1858ರಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ ಅಲ್ಲಿಯೇ ಬೋರ್ಡ್ ನೋಡದೆ ಎಂಟು ಮಂದಿಯೊಂದಿಗೆ ಏಕಕಾಲಕ್ಕೆ ಆಡಿ ಆರರಲ್ಲಿ ಗೆದ್ದು ಎರಡರಲ್ಲಿ ಡ್ರಾ ಮಾಡಿಕೊಂಡರು. 1851ರಲ್ಲಿ ಲಂಡನ್‌ನಲ್ಲಿ ಅಂತರರಾಷ್ಟ್ರೀಯ ಟೂರ್ನಿ ನಡೆಯುತ್ತಿದ್ದಾಗ ಆಗಿನ ಹೆಸರಾಂತ ಆಟಗಾರರಾದ ಆಂಡರ್ಸನ್ ಮತ್ತು ಕೀಸರಿಟ್ಸ್ಕಿ ಬಿಡುವಿನಲ್ಲಿ ಸುಮ್ಮನೆ ಆಡಿದ ಆಟವೊಂದಿದೆ. ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಬಲಿಕೊಟ್ಟು 23ನೇ ನಡೆಯಲ್ಲಿ ಚೆಕ್‌ಮೇಟ್ ಮಾಡಿದ ಆ ಆಟವನ್ನೇ ಇಂದು ‘ಅಮರ ಆಟ’ ಎನ್ನುತ್ತಾರೆ. ಆ ಟೂರ್ನಿಯಲ್ಲಿ ಗಡಿಯಾರಗಳು ಇರಲೇ ಇಲ್ಲ. ಜೋಡಿ ಗಡಿಯಾರಗಳು ಬಳಕೆಗೆ ಬಂದದ್ದು 1883ರ ಲಂಡನ್ ಟೂರ್ನಿಯಲ್ಲಿ. ಹಾಗೆಂದು ಒಂದು ನಡೆಗೆ ಅರ್ಧ ಗಂಟೆ ಯೋಚಿಸುವವರನ್ನು ಸಹಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ, ಆ ಕಾಲದವರೂ ಅದರ ಬಗ್ಗೆ ಗೊಣಗಿದವರೇ.

ಉತ್ತರ: ಓರೆನಡೆ

ಕಾಲಾಳು ಅವರ ಮಾತಿನಲ್ಲಿ ಹುರುಳಿದೆ. ಆದರೆ ಗಡಿಯಾರವಿಲ್ಲದ ಮೇಜಿನಲ್ಲಿ ಒಂದೇ ಆಟ ಒಂದೂವರೆ ಗಂಟೆ ಎಳೆದರೆ, ಮುಂದಿನ ಆಟಕ್ಕೆ ಕಾಯುತ್ತಿರುವ ಹೊಸಬರೂ ಅಷ್ಟೇ ಹೊತ್ತು ನಿಂತಿರಬೇಕಾಗುತ್ತದೆ. ಪ್ರತಿ ನಡೆಗೂ ಕೆಲವು ಸೆಕೆಂಡುಗಳನ್ನು ಸೇರಿಸುವ ಗಡಿಯಾರ ಇಬ್ಬರ ಆತಂಕಕ್ಕೂ ಉತ್ತರವಾಗಬಹುದು. ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1988ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1992ರಲ್ಲಿ ತಮ್ಮ ಹಳೆಯ ಎದುರಾಳಿ ಸ್ಪಾಸ್ಕಿಯೊಂದಿಗಿನ ಮರುಪಂದ್ಯದಲ್ಲಿ ಬಳಸಿದ ಕ್ರಮವದು. ತಲಾ 5 ನಿಮಿಷ ಕೊಟ್ಟು ನಡೆಗೆ 5 ಸೆಕೆಂಡು ಸೇರಿಸಿದರೆ 60 ನಡೆಗಳ ದೀರ್ಘ ಆಟವೂ ಒಟ್ಟು 20 ನಿಮಿಷಕ್ಕೆ ಮುಗಿಯುತ್ತದೆ, ಗೆಲ್ಲುವ ಸ್ಥಿತಿಯಲ್ಲಿರುವವರು ಸಮಯ ತೀರಿ ಸೋಲುವುದೂ ಬಹಳ ಕಡಿಮೆಯಾಗುತ್ತದೆ. ಗಡಿಯಾರವಿಲ್ಲದ ಒಂದೆರಡು ಮೇಜುಗಳು ಇರಲಿ ಎನ್ನುವುದಕ್ಕೆ ನನ್ನದೇನೂ ಆಕ್ಷೇಪವಿಲ್ಲ.

ನಾಲ್ಕನೇ ಮನೆ

ಎಲ್ಲರಿಗೂ ಧನ್ಯವಾದಗಳು. ಮತ್ತೊಂದು ವಿಷಯವನ್ನೂ ಕೇಳಬೇಕಿತ್ತು. ಕಾಯಿಗಳು ಹೇಗೆ ನಡೆಯುತ್ತವೆ ಎಂಬುದೂ ತಿಳಿಯದ, ಗೆಳೆಯರ ಜೊತೆ ಸುಮ್ಮನೆ ಬಂದು ಕುತೂಹಲದಿಂದ ನಿಲ್ಲುವವರಿದ್ದಾರೆ. ಅವರಿಗೆ ಏನು ಮಾಡಬಹುದು? ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಆಟ ಮುಗಿದ ಕೂಡಲೇ ಗೆದ್ದವರು ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಸೋತವರು ಎಲ್ಲೆಲ್ಲಿ ತಪ್ಪಿದರೆಂದು ಪಾಠ ಆರಂಭಿಸುತ್ತಾರೆ. ಕೇಳುತ್ತ ಕೂತವರ ಮುಖ ನೋಡಿದರೆ ಸಾಕು, ಅವರು ಎದ್ದುಹೋಗಲು ನೆಪ ಹುಡುಕುತ್ತಿದ್ದಾರೆಂಬುದು ಗೊತ್ತಾಗುತ್ತದೆ. ಹೊಸದಾಗಿ ಬಂದ ಮಹಿಳೆಯರ ಮೇಲೆ ಈ ಪಾಠ ಇನ್ನೂ ಹೆಚ್ಚಾಗಿ ಸುರಿಯುವುದನ್ನು ನೋಡಿದ್ದೇನೆ.

ಉತ್ತರ: ಕಾಲಾಳು

ಏನೂ ತಿಳಿಯದವರಿಗೆ ಆರು ಬಗೆಯ ಕಾಯಿಗಳನ್ನೂ ಒಟ್ಟಿಗೇ ವಿವರಿಸಲು ಹೋಗಬೇಡಿ. ಬೋರ್ಡಿನ ಮೇಲೆ ಎರಡೂ ಕಡೆಯ ಎಂಟೆಂಟು ಪದಾತಿಗಳನ್ನು ಮಾತ್ರ ಜೋಡಿಸಿ, ಮೊದಲು ಎದುರಿನ ಕೊನೆಯ ಸಾಲು ಮುಟ್ಟಿದವರು ಗೆದ್ದಂತೆ ಎಂದು ಹೇಳಿ ಆಡಿಸಿ. ಪದಾತಿ ನೇರ ನಡೆದು ಓರೆಯಾಗಿ ಹೊಡೆಯುತ್ತದೆ ಎಂಬ ಒಂದೇ ಮಾತು ತಿಳಿದಿದ್ದರೆ ಆಟ ಶುರುವಾಗುತ್ತದೆ. ಐದು ನಿಮಿಷದಲ್ಲಿ ಮುಗಿಯುವ ಈ ಆಟದಲ್ಲಿ ಹೊಸಬರು ನಿಜವಾಗಿಯೂ ಗೆಲ್ಲಬಹುದು. ಎರಡನೇ ಆಟಕ್ಕೆ ರಾಜನನ್ನು ಸೇರಿಸಿ, ಮೂರನೆಯದಕ್ಕೆ ಆನೆಗಳನ್ನು. ಕುದುರೆಯನ್ನು ಆದಷ್ಟು ತಡವಾಗಿ ಹೊರತನ್ನಿ.

ಮಟ್ಟ ಬೇರೆಬೇರೆಯಿರುವವರನ್ನು ಒಂದೇ ಮೇಜಿಗೆ ತರಲು ‘ಕೈ ಮತ್ತು ತಲೆ’ ಆಟದಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಬ್ಬರಿಬ್ಬರ ಎರಡು ತಂಡ. ತಲೆಯಾದವರು ಕುದುರೆ ಎಂದೋ ಪದಾತಿ ಎಂದೋ ಕಾಯಿಯ ಹೆಸರನ್ನಷ್ಟೇ ಹೇಳಬೇಕು. ಆ ಕಾಯಿಯನ್ನು ಎಲ್ಲಿಗೆ ನಡೆಸಬೇಕೆಂಬುದನ್ನು ಕೈಯಾದವರು ತೀರ್ಮಾನಿಸಬೇಕು, ನಡುವೆ ಬೇರೆ ಮಾತಿಲ್ಲ. ಪ್ರತಿ ತಂಡಕ್ಕೂ ಒಬ್ಬ ನುರಿತವರು, ಒಬ್ಬ ಹೊಸಬರು. ತಾನು ಮನಸ್ಸಿನಲ್ಲಿಟ್ಟುಕೊಂಡು ‘ಆನೆ’ ಎಂದ ಅದ್ಭುತ ನಡೆಯ ಬದಲು ಇನ್ನೊಂದು ಆನೆ ಒಂದೇ ಮನೆ ಪಕ್ಕಕ್ಕೆ ಸರಿಯುವುದನ್ನು ಬಾಯಿಮುಚ್ಚಿ ನೋಡುವ ನುರಿತವರ ಮುಖವೇ ಸುತ್ತ ನಿಂತವರಿಗೆ ಅರ್ಧ ಮನರಂಜನೆ. ಬಗ್‌ಹೌಸ್ ಕೂಡ ನಾಲ್ವರ ಆಟವೇ: ಎರಡು ಬೋರ್ಡು, ಒಬ್ಬರು ಹೊಡೆದ ಕಾಯಿ ಜೊತೆಗಾರರ ಕೈಗೆ ಹೋಗುತ್ತದೆ, ಅವರು ಅದನ್ನು ಒಂದು ನಡೆಯ ಬದಲಿಗೆ ತಮ್ಮ ಬೋರ್ಡಿನ ಖಾಲಿ ಮನೆಯಲ್ಲಿ ಇಡಬಹುದು, ಪದಾತಿಯನ್ನು ಮಾತ್ರ ಮೊದಲ ಮತ್ತು ಕೊನೆಯ ಸಾಲಿನಲ್ಲಿ ಇಡುವಂತಿಲ್ಲ. ಗದ್ದಲ ವಿಪರೀತ, ಬಾರಿಗೆ ಒಪ್ಪುತ್ತದೆ, ಆದರೆ ಪೂರಾ ಹೊಸಬರಿಗಲ್ಲ.

ಇನ್ನು ಪಾಠದ ವಿಷಯ. ಸೋತವರು ಕೇಳದೆ ವಿಶ್ಲೇಷಣೆ ಇಲ್ಲ ಎಂಬ ಒಂದು ಸಾಲನ್ನು ನಿಯಮವಾಗಿಯೇ ಬರೆದು ಹಾಕಿ, ಆಟದ ನಡುವೆ ಪಕ್ಕದಲ್ಲಿ ನಿಂತವರು ನಡೆ ಹೇಳಿಕೊಡಬಾರದು ಎಂಬುದನ್ನೂ ಅದರ ಕೆಳಗೆ ಸೇರಿಸಿ. ಬರೆದ ನಿಯಮವನ್ನು ತೋರಿಸುವುದು, ಒಬ್ಬರನ್ನು ಕರೆದು ಬುದ್ಧಿ ಹೇಳುವುದಕ್ಕಿಂತ ಸುಲಭ. ಆದರೂ ಮುಂದುವರಿಸುವವರನ್ನು ಪಕ್ಕಕ್ಕೆ ಕರೆದು ನೇರವಾಗಿಯೇ ಹೇಳಬೇಕಾಗುತ್ತದೆ; ಅಲ್ಲಿ ದಾಕ್ಷಿಣ್ಯ ನೋಡಿದರೆ ಒಬ್ಬರನ್ನು ಉಳಿಸಿಕೊಳ್ಳಲು ಐವರನ್ನು ಕಳೆದುಕೊಳ್ಳುತ್ತೀರಿ.

ಉತ್ತರ: ಹಸಿರುಬಿಳಿ

ಮಾಲೀಕರ ಪ್ರಶ್ನೆಗೆ ಯಾರೂ ಉತ್ತರಿಸಿದಂತಿಲ್ಲ. ಅವರಿಗೆ ಗಿರಾಕಿಗಳು ಕಡಿಮೆಯಿರುವ ಸಂಜೆ ಯಾವುದೆಂದು ಅವರನ್ನೇ ಕೇಳಿ ಅದಕ್ಕೆ ನಿಮ್ಮ ಕೂಟವನ್ನು ಬದಲಾಯಿಸಿಕೊಳ್ಳಿ; ಖಾಲಿ ಬಿದ್ದಿರುತ್ತಿದ್ದ ಮೇಜುಗಳಲ್ಲಿ ಜನ ಕೂತರೆ ದೂರಲು ಕಾರಣವಿರುವುದಿಲ್ಲ. ಎಷ್ಟು ಮೇಜು, ಎಷ್ಟು ಗಂಟೆಯವರೆಗೆ ಎಂಬುದನ್ನು ಮೊದಲೇ ಮಾತಾಡಿಕೊಂಡು, ಹೇಳಿದ ಹೊತ್ತಿಗೆ ಮೇಜು ಬಿಟ್ಟುಕೊಡಿ. ಆಟದಲ್ಲಿ ಮುಳುಗಿದವರು ಏನನ್ನೂ ತರಿಸದೆ ಮೂರು ಗಂಟೆ ಕೂರುತ್ತಾರೆಂಬುದು ನಿಜವಾದ್ದರಿಂದ ಸುತ್ತುಗಳ ನಡುವೆ ಹದಿನೈದು ನಿಮಿಷ ಬಿಡುವು ಘೋಷಿಸಿ, ಆಗ ಕೌಂಟರಿನತ್ತ ತಾವಾಗಿಯೇ ನಡೆಯುತ್ತಾರೆ. ಆದರೆ ಕುಡಿಯಲೇಬೇಕೆಂಬ ಒತ್ತಾಯ ಯಾರ ಮೇಲೂ ಬೀಳದಂತೆ, ಮದ್ಯವಲ್ಲದ ಪಾನೀಯ ತರಿಸಿದವರನ್ನೂ ಗಿರಾಕಿಯೆಂದೇ ಎಣಿಸುವಂತೆ ಮಾಲೀಕರೊಂದಿಗೆ ಮಾತಾಡಿಟ್ಟಿರಿ. ಹಣ ಪಣಕ್ಕಿಟ್ಟು ಆಡುವುದನ್ನು ಮೊದಲ ದಿನವೇ ನಿಷೇಧಿಸಿ, ಏಕೆಂದರೆ ಅಂಥ ಒಂದು ಜಗಳ ಸಾಕು ಕೂಟವನ್ನೇ ಎತ್ತಂಗಡಿ ಮಾಡಲು.

ಮತ್ತು ಹೊರಡುವ ಮುನ್ನ ಪ್ರತಿ ಮೇಜಿನವರೂ ತಮ್ಮ ಕಾಯಿಗಳನ್ನು ತಾವೇ ಎಣಿಸಿ ಚೀಲಕ್ಕೆ ತುಂಬಲಿ. ಸಾಮಾನ್ಯ ಸೆಟ್ಟಾದರೆ 32, ಹೆಚ್ಚುವರಿ ರಾಣಿಯರು ಬರುವ ಸೆಟ್ಟಾದರೆ 34.