“12 ವೋಲ್ಟ್ ಪ್ಯಾನಲ್”: ಈ 12 ಯಾವುದರ ಲೆಕ್ಕ?

ಸಣ್ಣ ಬ್ಯಾಟರಿಗೆ ಸೋಲಾರ್ ಚಾರ್ಜ್ ಕಂಟ್ರೋಲರ್ (ಪ್ಯಾನಲ್‌ನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ಹತೋಟಿಯಲ್ಲಿಡುವ ಸಾಧನ) ಆರಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ಯಾನಲ್, ಕಂಟ್ರೋಲರ್ ಅನ್ನುವ ಪದಗಳೆಲ್ಲ ಹಾಗೇ ಇರಲಿ, ಅವು ಎಲ್ಲರ ಬಾಯಲ್ಲೂ ಇವೆ. ನನಗೆ ತೊಡಕಾಗಿರುವುದು “12 ವೋಲ್ಟ್” ಅನ್ನುವ ಮಾತು.

ಬ್ಯಾಟರಿ ಮೇಲೂ 12 ವೋಲ್ಟ್, ಪ್ಯಾನಲ್ ಮೇಲೂ 12 ವೋಲ್ಟ್. ಆದರೆ ಲೆಡ್ ಆಸಿಡ್ ಬ್ಯಾಟರಿ ತುಂಬಿ ಸುಮ್ನೆ ಕೂತಾಗ ಸುಮಾರು 12.7 ಇರುತ್ತದೆ, ಚಾರ್ಜ್ ಆಗುವಾಗ 14.4ರ ತನಕ ಏರುತ್ತದೆ. 36 ಸೆಲ್‌ನ ಪ್ಯಾನಲ್ ಬಿಸಿಲಲ್ಲಿ ಕೆಲಸ ಮಾಡುವಾಗ ಸುಮಾರು 18. ವೈರ್ ಬಿಚ್ಚಿ ಮೀಟರ್ ಹಿಡಿದರೆ 21, 22. ಪ್ಯಾನಲ್‌ನಲ್ಲಿ 12 ಎಲ್ಲಿದೆ? 12 ವೋಲ್ಟ್ ಬ್ಯಾಟರಿಗೆ ಹೊಂದುವ ಪ್ಯಾನಲ್ ಅನ್ನುವುದಷ್ಟೇ ಅದರ ಅರ್ಥ.

ಇದು ಬರೀ ಮಾತಿನ ವಿಷಯ ಅಲ್ಲ. ಪಿಡಬ್ಲ್ಯೂಎಂ ಅನ್ನುವ ಬಗೆಯ ಕಂಟ್ರೋಲರ್ ಪ್ಯಾನಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ, ಬಿಡಿಸಿ ಮಾಡುತ್ತದೆ. ಜೋಡಿಸಿದಾಗ ಪ್ಯಾನಲ್ ಬ್ಯಾಟರಿಯ ವೋಲ್ಟೇಜ್‌ಗೇ ಇಳಿಯುತ್ತದೆ. 100 ವ್ಯಾಟ್ ಪ್ಯಾನಲ್ 5.5 ಆಂಪಿಯರ್ ಕೊಟ್ಟರೆ, 13 ವೋಲ್ಟ್‌ನಲ್ಲಿ ಸಿಗುವುದು 72 ವ್ಯಾಟ್ ಮಾತ್ರ. ಎಂಪಿಪಿಟಿ ಅನ್ನುವ ಇನ್ನೊಂದು ಬಗೆಯ ಕಂಟ್ರೋಲರ್ ಹಾಗಲ್ಲ, ಹೆಚ್ಚಿನ ವೋಲ್ಟೇಜನ್ನು ಇಳಿಸಿ ಆಂಪಿಯರ್ ಏರಿಸುತ್ತದೆ. ಅದೇ ಪ್ಯಾನಲ್‌ನಿಂದ ಒಳ್ಳೆಯ ಬಿಸಿಲಲ್ಲಿ ಬ್ಯಾಟರಿಗೆ 7 ಆಂಪಿಯರ್ ಹತ್ತಿರ ಬರುತ್ತದೆ. 60 ಸೆಲ್‌ನ ದೊಡ್ಡ ಪ್ಯಾನಲ್ ಕೆಲಸ ಮಾಡುವುದು 30 ವೋಲ್ಟ್ ಆಸುಪಾಸಿನಲ್ಲಿ. ಅದನ್ನು ಪಿಡಬ್ಲ್ಯೂಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಹಾಳು. ಹೀಗಿರುವಾಗ 12 ಅಂದರೆ ಏನು ಅಂತ ಓದುಗರಿಗೆ ಮೊದಲೇ ತಿಳಿಯಬೇಕು, ಅಲ್ವಾ?

ಈ ಹೆಸರಿನ ವೋಲ್ಟೇಜ್‌ಗೆ “ನಾಮಮಾತ್ರ” ಅಂತ ಬರೆದರೆ ಕೆಲಸಕ್ಕೆ ಬಾರದ್ದು ಅನ್ನುವ ಅರ್ಥ ಬರುತ್ತದೆ. “ಹೆಸರಿಗೆ 12 ವೋಲ್ಟ್” ಅಂದರೂ ಯಾರೋ ಮೋಸ ಮಾಡಿದ ಹಾಗೆ ಕೇಳಿಸುತ್ತದೆ. ನನ್ನ ಮನಸ್ಸು “ಹನ್ನೆರಡರ ಪ್ಯಾನಲ್” ಕಡೆಗಿದೆ. ಮೆಕ್ಯಾನಿಕ್‌ಗಳು “ಹತ್ತರ ಸ್ಪ್ಯಾನರ್” ಅನ್ನುವುದಿಲ್ಲವೇ? ಆ ಹತ್ತು ಸ್ಪ್ಯಾನರಿನ ಉದ್ದವಲ್ಲ, ಅದು ಕೂರುವ ಬೋಲ್ಟಿನ ತಲೆಯ ಅಳತೆ. ಇಲ್ಲೂ ಹಾಗೇ. “ಹನ್ನೆರಡರ ಬ್ಯಾಟರಿ, ಇಪ್ಪತ್ನಾಲ್ಕರ ಬ್ಯಾಟರಿ” ಅಂತಲೂ ಹೇಳಬಹುದು. ಬರಹದಲ್ಲಿ ಇದು ಒಪ್ಪುತ್ತದೆಯೇ?

ಇನ್ನೊಂದು ಪದವೂ ಬೇಕು. ವೈರ್ ಬಿಚ್ಚಿದಾಗ ಪ್ಯಾನಲ್ ತೋರಿಸುವ ಆ 21, 22ಕ್ಕೆ ಏನನ್ನೋಣ? ಕಂಟ್ರೋಲರ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ನೋಡುವಾಗ ಲೆಕ್ಕಕ್ಕೆ ಬರುವುದು ಇದೇ, 18 ಅಲ್ಲ. ಚಳಿಯಲ್ಲಿ ಇನ್ನೂ ಏರುತ್ತದೆ, ಮಿತಿ ಮೀರಿದರೆ ಕಂಟ್ರೋಲರ್ ಸುಟ್ಟೇ ಹೋಗಬಹುದು. “ಖಾಲಿ ವೋಲ್ಟೇಜ್” ಅನ್ನೋಣವೆಂದರೆ ಬ್ಯಾಟರಿ ಖಾಲಿಯಾದದ್ದು ನೆನಪಾಗುತ್ತದೆ. “ಬಿಡಿ ವೋಲ್ಟೇಜ್” ಹೇಗೆ? ಇದಕ್ಕಿಂತ ಸಲೀಸಾದ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.