ಮಲೆನಾಡಿನ ರಸ್ತೆಗೆ ಅಡ್ಜಸ್ಟಬಲ್ ಸಸ್ಪೆನ್ಷನ್: 2008ರ ಸಿವಿಕ್‌ಗೆ ಯಾವುದು ಸೂಕ್ತ?

ತುಂಗಾತೀರ (ಪ್ರಶ್ನೆ):
ನನ್ನಲ್ಲಿರುವುದು 2008ರ ಹೋಂಡಾ ಸಿವಿಕ್, 1.8 ಲೀಟರ್, ಮ್ಯಾನುಯಲ್ ಗೇರಿನದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಆಗಾಗ ಓಡಾಟವಿದೆ. ಮನೆಯಿಂದ ಡಾಂಬರು ರಸ್ತೆ ಸೇರುವ ತನಕ ಜಂಬಿಟ್ಟಿಗೆ ಮಣ್ಣಿನ ತೋಟದ ದಾರಿ. ಮುಂದಿನ ಎಡಗಡೆಯ ಶಾಕಪ್ ಎಣ್ಣೆ ಸೋರುತ್ತಿದ್ದು, ತಿರುವುಗಳಲ್ಲಿ ಗಾಡಿ ತೇಲಿದಂತಾಗುತ್ತದೆ. ಹೇಗೂ ನಾಲ್ಕನ್ನೂ ಬದಲಿಸಬೇಕಾಗಿರುವುದರಿಂದ, ಎತ್ತರವನ್ನೂ ಬಿಗಿತವನ್ನೂ ಹೊಂದಿಸಿಕೊಳ್ಳಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕಪ್ ಒಟ್ಟಿಗಿರುವ ಸೆಟ್) ಹಾಕಿಸೋಣವೆಂದಿದ್ದೇನೆ. ಟೇನ್ ಕಂಪನಿಯ ಫ್ಲೆಕ್ಸ್ ಝಡ್ ಮತ್ತು ಬಿ.ಸಿ. ರೇಸಿಂಗ್ ಕಂಪನಿಯ ಬಿಆರ್, ಇವೆರಡರ ನಡುವೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಬೆಂಗಳೂರಿನಲ್ಲೊಬ್ಬರು ಬಳಸಿದ ಸೆಟ್ ಒಂದನ್ನು ಕಡಿಮೆ ಬೆಲೆಗೆ ಕೊಡುವುದಾಗಿಯೂ ಹೇಳುತ್ತಿದ್ದಾರೆ. ಗಾಡಿಯನ್ನು ತಗ್ಗಿಸುವ ಆಸೆ ನನಗಿಲ್ಲ. ಆಗುಂಬೆ ಘಾಟಿಯಲ್ಲಿ ಹಿಡಿತವಿರಬೇಕು, ಹಿಂದೆ ಕೂತ ಅಪ್ಪ ಅಮ್ಮನಿಗೆ ಸೊಂಟನೋವು ಬರಬಾರದು. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಘಾಟಿ ಸವಾರ:
ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಬೇಕಾಗಿರುವುದು ಬಿಗಿತದ ಹೊಂದಾಣಿಕೆಯೇ ಹೊರತು ಎತ್ತರದ್ದಲ್ಲ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಗ್ಗದ ಸೆಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನಷ್ಟೇ ಮೇಲೆ ಕೆಳಗೆ ತಿರುಗಿಸಬಹುದು. ತಟ್ಟೆಯನ್ನು ಇಳಿಸಿದಾಗ ಗಾಡಿ ತಗ್ಗುತ್ತದೆ, ಆದರೆ ಶಾಕಪ್‌ನ ರಾಡ್ ಕೂಡ ಅಷ್ಟು ಒಳಗೆ ಸರಿದೇ ನಿಲ್ಲುವುದರಿಂದ, ಗುಂಡಿ ಬಂದಾಗ ಇನ್ನೂ ಒಳಹೋಗಲು ಜಾಗ ಸಾಲದೆ ಕೊನೆಯಲ್ಲಿ ತಡೆಯುವ ರಬ್ಬರಿಗೆ, ಅಂದರೆ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಫ್ಲೆಕ್ಸ್ ಝಡ್ ಮತ್ತು ಬಿಆರ್ ಎರಡರಲ್ಲೂ ಕೆಳಗಿನ ಬ್ರಾಕೆಟ್ಟೇ ಥ್ರೆಡ್ ಮೇಲೆ ತಿರುಗುವುದರಿಂದ, ಎತ್ತರ ಬದಲಿಸಿದರೂ ಶಾಕಪ್‌ನ ಓಟ ಕಡಿಮೆಯಾಗುವುದಿಲ್ಲ. ಈ ದೃಷ್ಟಿಯಿಂದ ಎರಡೂ ಒಳ್ಳೆಯವೇ.

ವ್ಯತ್ಯಾಸವಿರುವುದು ಒಳಗಿನ ರಚನೆಯಲ್ಲಿ. ಬಿಆರ್ ಮೊನೊಟ್ಯೂಬ್ (ಒಂದೇ ಕೊಳವೆಯದು) ಆಗಿದ್ದು ಬಿಗಿತಕ್ಕೆ 30 ಹಂತಗಳಿವೆ. ಫ್ಲೆಕ್ಸ್ ಝಡ್ ಟ್ವಿನ್‌ಟ್ಯೂಬ್ (ಕೊಳವೆಯೊಳಗೆ ಕೊಳವೆ), 16 ಹಂತ. ಹಂತಗಳ ಸಂಖ್ಯೆಗೆ ಮರುಳಾಗಬೇಡಿ. ಮೊನೊಟ್ಯೂಬ್‌ನಲ್ಲಿ ಪಿಸ್ಟನ್ ಹೊರಗಿನ ಕೊಳವೆಯ ಗೋಡೆಗೇ ತಾಗಿ ಚಲಿಸುತ್ತದೆ. ತೋಟದ ದಾರಿಯಲ್ಲಿ ಚಕ್ರದಿಂದ ಸಿಡಿದ ಕಲ್ಲು ಅದಕ್ಕೆ ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬ್‌ನಲ್ಲಿ ಪಿಸ್ಟನ್ ಇರುವ ಕೊಳವೆ ಒಳಗಿನದಾದ್ದರಿಂದ, ಹೊರಗಿನದಕ್ಕೆ ಸಣ್ಣ ಪೆಟ್ಟು ಬಿದ್ದರೂ ಕೆಲಸ ನಿಲ್ಲುವುದಿಲ್ಲ. ಜೊತೆಗೆ ಒಳಗಿನ ಗ್ಯಾಸಿನ ಒತ್ತಡವೂ ಕಡಿಮೆಯಿರುವುದರಿಂದ ಸಣ್ಣಪುಟ್ಟ ಕುಲುಕಾಟ ಸೀಟಿನ ತನಕ ಬರುವುದು ಕಡಿಮೆ. ಹಾಗಾಗಿ ನಿಮ್ಮ ಎರಡು ಆಯ್ಕೆಗಳಲ್ಲಿ ನನ್ನ ಮತ ಫ್ಲೆಕ್ಸ್ ಝಡ್‌ಗೆ.

ಆದರೆ ಮೂರನೆಯದೊಂದಿದೆ. ಟೇನ್‌ನವರದೇ ಎಂಡ್ಯೂರಾಪ್ರೊ ಪ್ಲಸ್, ಗಾಡಿಯೊಂದಿಗೆ ಬಂದ ಸ್ಪ್ರಿಂಗನ್ನೇ ಉಳಿಸಿಕೊಂಡು ಹಾಕುವ ಶಾಕಪ್. ಎತ್ತರ ಮೊದಲಿನಂತೆಯೇ ಇರುತ್ತದೆ, ಬಿಗಿತಕ್ಕೆ 16 ಹಂತಗಳಿವೆ, ರಾಡ್ ಕೊನೆ ಮುಟ್ಟುವಾಗ ಪೆಟ್ಟನ್ನು ಎಣ್ಣೆಯಿಂದಲೇ ತಗ್ಗಿಸುವ ಹೈಡ್ರೋ ಬಂಪ್ ಸ್ಟಾಪರ್ ಇದೆ. ನಿಮ್ಮ ಗಾಡಿಗೆ ಹೊಂದುವ ಪಾರ್ಟ್ ನಂಬರ್ ಸಿಗುವುದಾದರೆ, ಥ್ರೆಡ್ ಇರುವ ಸೆಟ್‌ನ ಗೊಡವೆಗೇ ಹೋಗಬೇಡಿ.

ಕೊಳ್ಳುವ ಮುನ್ನ ಚಾಸಿ ಕೋಡ್ (ಗಾಡಿಯ ಮಾದರಿಯನ್ನು ಗುರುತಿಸುವ ಸಂಕೇತ) ನೋಡಿ. ನಮ್ಮಲ್ಲಿ ಮಾರಾಟವಾದ 1.8 ಸೆಡಾನ್ ಎಫ್‌ಡಿ1. ಅದೇ ತಲೆಮಾರಿನ ಯುರೋಪಿನ ಹ್ಯಾಚ್‌ಬ್ಯಾಕ್‌ಗೂ ಸಿವಿಕ್ ಎಂದೇ ಹೆಸರು, ಆದರೆ ಅದರ ಹಿಂಬದಿ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ), ನಮ್ಮದು ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳು). ಇಸವಿ ಹೊಂದಿತೆಂದು ತರಿಸಿದರೆ ಹಿಂದಿನ ಜೋಡಿ ಕೂರುವುದಿಲ್ಲ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ, ಆ ಸುಂಕವೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿಗೂ ಹಾಕುವ ಜಿಎಸ್‌ಟಿ) ಬೀಳುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಸಾಗರದವನು:
ಮೇಲಿನವರ ಮಾತನ್ನು ಒಪ್ಪುತ್ತೇನೆ. ತಿರುವಿನಲ್ಲಿ ತೇಲುವುದಕ್ಕೆ ಶಾಕಪ್ ಒಂದೇ ಕಾರಣವಾಗಿರಬೇಕಿಲ್ಲ. ಇಷ್ಟು ಹಳೆಯ ಗಾಡಿಯಲ್ಲಿ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಮುಂತಾದ ಸಸ್ಪೆನ್ಷನ್ನಿನ ಜೋಡಣೆಯ ಭಾಗಗಳು ಸವೆದಿರುವ ಸಾಧ್ಯತೆ ಹೆಚ್ಚು. ಮೊದಲು ಅವನ್ನು ನೋಡಿಸಿ. ಇನ್ನು ಹಂಪ್ ಮೇಲೆ ಸಿವಿಕ್‌ನ ಹೊಟ್ಟೆ ಉಜ್ಜುವುದು ಅದರ 2700 ಮಿ.ಮೀ. ವೀಲ್‌ಬೇಸಿನಿಂದಲೂ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಹೌದು, ಬಿಗಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಅದು ಪೂರ್ತಿ ನಿಲ್ಲುವುದಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಯಲ್ಲಿ ಹಿಂದೆ ಓಡುತ್ತಿದ್ದ ಮಿತ್ಸುಬಿಷಿ ಸೀಡಿಯಾಗಳ ಫೋಟೋ ಹುಡುಕಿ ನೋಡಿ. ಮಣ್ಣುದಾರಿಗೆ ಸಿದ್ಧಪಡಿಸಿದ ಗಾಡಿ ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಎತ್ತರದಲ್ಲಿ ನಿಂತಿರುತ್ತದೆ. ಅಂತರ್ಜಾಲದಲ್ಲಿ ಕಾಣುವ ತಗ್ಗಿಸಿದ ಕಾರುಗಳು ನುಣುಪು ಡಾಂಬರಿನವು.

ಗ್ಯಾರೇಜ್ ಗೆಳೆಯ:
ಬಳಸಿದ ಸೆಟ್ ಬಗ್ಗೆ ಯಾರೂ ಬರೆಯದಿದ್ದುದರಿಂದ ಬರೆಯುತ್ತಿದ್ದೇನೆ. ಫೋಟೋ ನೋಡಿ ಹಣ ಕಳಿಸಬೇಡಿ. ರಾಡ್‌ನ ಕ್ರೋಮ್ ಮೇಲೆ ಉಗುರು ಎಳೆದಾಗ ಎಲ್ಲಾದರೂ ತಡೆದರೆ, ಅಲ್ಲಿ ಆಯಿಲ್ ಸೀಲ್ ಹರಿಯುವುದು ಖಂಡಿತ. ಕೆಳಗಿನ ಬ್ರಾಕೆಟ್ಟನ್ನೂ ಲಾಕ್ ರಿಂಗನ್ನೂ ನಿಮ್ಮೆದುರೇ ತಿರುಗಿಸಿ ತೋರಿಸಲಿ, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅದು ಅಡ್ಜಸ್ಟಬಲ್ ಎನ್ನುವುದು ಹೆಸರಿಗೆ ಮಾತ್ರ. ಬಿಗಿತದ ನಾಬ್ ತಿರುಗಿಸುವಾಗ ನಾಲ್ಕರಲ್ಲೂ ಕ್ಲಿಕ್ ಸ್ಪಷ್ಟವಾಗಿ ಕೇಳಿಸಬೇಕು. ಮೇಲಿನ ಮೌಂಟ್ ಪಿಲ್ಲೋಬಾಲ್ (ಲೋಹದ ಗುಂಡಿನ ಕೀಲು) ಆಗಿದ್ದರೆ ನಮ್ಮ ಮಳೆ ಕೆಸರಿಗೆ ಅದು ಕಟಕಟ ಎನ್ನತೊಡಗುತ್ತದೆ, ರಬ್ಬರಿನದನ್ನೇ ಕೇಳಿ.

ಹೊಸದಾದರೂ ಆರೈಕೆ ತಪ್ಪದು. ಮಳೆಗಾಲಕ್ಕೆ ಮೊದಲು ಥ್ರೆಡ್‌ಗಳನ್ನು ನೀರು, ಬ್ರಷ್‌ನಿಂದ ತೊಳೆದು ಒಣಗಿಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಬಳಿಯಬೇಡಿ, ಕೆಮ್ಮಣ್ಣು ಅದಕ್ಕೆ ಅಂಟಿ ಅರದಂತೆ ಥ್ರೆಡ್ಡನ್ನು ಉಜ್ಜುತ್ತದೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಬಳಸಿದ ಸೆಟ್ ಕೈಬಿಟ್ಟಿದ್ದೇನೆ. ಎಂಡ್ಯೂರಾಪ್ರೊ ಪ್ಲಸ್‌ನ ನಂಬರ್ ವಿಚಾರಿಸುತ್ತೇನೆ, ಸಿಗದಿದ್ದರೆ ಫ್ಲೆಕ್ಸ್ ಝಡ್. ಹಾಕಿಸಿದ ಮೇಲೆ ಬಿಗಿತವನ್ನು ಎಲ್ಲಿಂದ ಆರಂಭಿಸಬೇಕು? ಇದಕ್ಕೆ ಕಾನೂನಿನ ತೊಡಕೇನಾದರೂ ಇದೆಯೇ?

ಘಾಟಿ ಸವಾರ:
ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿಯ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಂ ಅಡಿಯಲ್ಲಿ ಪ್ರತಿಯೊಂದಕ್ಕೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಇವೆ. ಎತ್ತರ ಬದಲಿಸದಿರುವುದಕ್ಕೆ ಇದು ಇನ್ನೊಂದು ಕಾರಣ. ಆದರೂ ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಟೇನ್‌ನಲ್ಲಿ ನಾಬನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಸೊನ್ನೆ, ಅದೇ ಅತಿ ಬಿಗಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ನಾಲ್ಕನ್ನೂ 10ರ ಹತ್ತಿರ ಇಟ್ಟು, ಅಪ್ಪ ಅಮ್ಮನನ್ನು ಕೂರಿಸಿಕೊಂಡೇ ನಿಮ್ಮ ತೋಟದ ದಾರಿಯಲ್ಲಿ ಓಡಿಸಿ. ಹಿಂಬದಿ ಕುಕ್ಕಿದರೆ ಹಿಂದಿನ ಎರಡನ್ನೂ ಸಮವಾಗಿ ಎರಡು ಕ್ಲಿಕ್ ಸಡಿಲಿಸಿ. ಎಡಬಲ ಯಾವತ್ತೂ ಒಂದೇ ಅಂಕೆಯಲ್ಲಿರಲಿ. ವೀಲ್ ಅಲೈನ್‌ಮೆಂಟನ್ನು ಫಿಟ್ ಮಾಡಿದ ಕೂಡಲೇ ಒಮ್ಮೆ, ಕೆಲವು ವಾರ ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡಿಸಿ.