ಅಪ್ಪನ ಅಂಗಿಯ ಬೆನ್ನಲ್ಲಿ ಉಪ್ಪಿನ ಗೆರೆ: ಈ ಸೆಕೆಗೆ ಏನು ಕೊಡಲಿ?

ಬದಿಯಡ್ಕದ ಮಗಳು:
ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಅಪ್ಪನಿಗೆ 67 ವರ್ಷ, ಬಿಪಿಗೆ ಮಾತ್ರೆ ಇದೆ. ಏಪ್ರಿಲ್ ಬಂದರೂ ತೋಟಕ್ಕೆ ನೀರು ಬಿಡುವುದು, ಅಂಗಳದ ಅಡಿಕೆ ಮಗುಚುವುದು ಎಲ್ಲ ಅವರೇ. ಬೇಡ ಅಂದರೆ ಕೇಳುವುದಿಲ್ಲ.

ಒಂದು ವಾರದಿಂದ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊನ್ನೆ ಎರಡು ಗಂಟೆಗೆ ಎದ್ದು ಕೂತು ಗೋಡೆಗೆ ಪಾದ ಒತ್ತಿಕೊಂಡಿದ್ದರು. ನೀರು ಕುಡಿಯುವುದಿಲ್ಲ ಅಂತಲ್ಲ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರಿಗೆ ಜೀರಿಗೆ ಹಾಕಿ ಕುದಿಸಿ ಎರಡು ಲೀಟರಿನ ಕ್ಯಾನಲ್ಲಿ ಕೊಡುತ್ತೇನೆ. ಮಧ್ಯಾಹ್ನದೊಳಗೆ ಖಾಲಿ. ಆದರೆ ಹೊಟ್ಟೆಗೆ ಬೆಳಗ್ಗೆ ಎರಡು ದೋಸೆ, ಒಂದು ಚಾ ಅಷ್ಟೇ. ಮಧ್ಯಾಹ್ನ ಊಟ ಸೇರುವುದಿಲ್ಲ ಅನ್ನುತ್ತಾರೆ.

ನಿನ್ನೆ ಒಗೆಯಲು ಅವರ ನೀಲಿ ಅಂಗಿ ತೆಗೆದೆ. ಬೆನ್ನಿನ ತುಂಬಾ ಬಿಳಿ ಗೆರೆ. ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಉಪ್ಪು! ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ ಅಲ್ವಾ? ಹಾಗಾದರೆ ನಾನು ಏನು ಕೊಡಬೇಕು? ದಿನಕ್ಕೆ ಎರಡು ಬೊಂಡ (ಎಳನೀರು) ಸಾಕಾ?

ಪೆರ್ಲದ ತೋಟದವ:
ತಂಗೀ, ಹೋದ ವರ್ಷ ನನಗೂ ಇದೇ ಆಗಿತ್ತು. ನಮ್ಮೂರಿನ ಗಾಳಿಯಲ್ಲೇ ಪಸೆ ಜಾಸ್ತಿ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಇಲ್ಲಿ ಅದು ಆರುವುದಿಲ್ಲ, ಸುಮ್ನೆ ಇಳಿದು ಹೋಗುತ್ತದೆ. ಮೈ ಇನ್ನಷ್ಟು ಬೆವರುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಆಗ ಬರೀ ನೀರೇ ಕುಡಿಯುತ್ತಿದ್ದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗುತ್ತದೆ. ಬೊಂಡ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೆಚ್ಚು ಹೋಗುವುದು ಸೋಡಿಯಂ.

ನಮ್ಮ ಅಜ್ಜಿ ಹತ್ತು ಗಂಟೆಗೆ ತೋಟಕ್ಕೆ ಕುಚ್ಚಲಕ್ಕಿ ಗಂಜಿ ಕಳಿಸುತ್ತಿದ್ದರು. ತೆಳಿ (ಅಕ್ಕಿ ಬೆಂದ ನೀರು) ಬಸಿಯದೆ, ಉಪ್ಪು ಹಾಕಿ, ಜೊತೆಗೆ ಉಪ್ಪಿನಕಾಯಿಯ ಒಂದು ಮಾವಿನ ಮಿಡಿ. ಈಗ ನಾನೂ ಅದನ್ನೇ ಹಿಡಿದಿದ್ದೇನೆ. ಬೆಳಕು ಹರಿಯುವಾಗ ತೋಟಕ್ಕೆ ಇಳಿಯುತ್ತೇನೆ, ಹತ್ತಕ್ಕೆ ಗಂಜಿ, ಹನ್ನೊಂದಕ್ಕೆ ಮನೆಗೆ. ಅಡಿಕೆ ಮಗುಚುವುದು ಬಿಸಿಲು ಇಳಿದ ಮೇಲೆ. ಬೇಸಿಗೆಯಲ್ಲಿ ಬಿಸಿಲಿಗೆ ದುಡಿಯುವ ಕೂಲಿಯವರಿಗೆ 12ರಿಂದ 3ರವರೆಗೆ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಮಾಡುತ್ತದೆ. ಸ್ವಂತ ತೋಟದಲ್ಲಿ ದುಡಿಯುವವರಿಗೆ ಮನೆಯವರೇ ಹೇಳಬೇಕು.

ಕುಂಬಳೆಯ ನರ್ಸಕ್ಕ:
ಗಂಜಿ ಕೊಡಿ. ಆದರೆ ಉಪ್ಪು ಜಾಸ್ತಿ ಮಾಡುವ ಮೊದಲು ಅಪ್ಪನ ಮಾತ್ರೆ ಯಾವುದು ಅಂತ ನೋಡಬೇಕು. ಬಿಪಿಯ ಕೆಲವು ಮಾತ್ರೆಗಳು ಮೂತ್ರದಲ್ಲಿ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತವೆ. ಬೆವರೂ ಸೇರಿದರೆ ಎರಡು ಕಡೆಯಿಂದ ಖಾಲಿ. ಇನ್ನು ಕೆಲವು ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ. ಅಂಥವರು, ಕಿಡ್ನಿ ತೊಂದರೆ ಇರುವವರು ಬೊಂಡವನ್ನೂ ಕೇಳಿಯೇ ಕುಡಿಯಬೇಕು. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಬೇಕಾ ಅಂತ ಕೇಳಿ.

ಒಆರ್‌ಎಸ್ (ನೀರಿಗೆ ಕಲಸುವ ಉಪ್ಪು-ಸಕ್ಕರೆಯ ಪುಡಿ) ಕೊಡಿ ಅಂತ ಡಾಕ್ಟರು ಅಂದರೆ, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಒಂದೇ ಲೋಟಕ್ಕೆ ಸುರಿದು ಕುಡಿಸಿದವರನ್ನು ನೋಡಿದ್ದೇನೆ, ಅದು ಅಪಾಯ. ಇನ್ನೊಂದು ಮಾತು. ಬಿಸಿಲಲ್ಲಿ ಮೈ ಕಾದು, ಮಾತು ತಡವರಿಸಿದರೆ ಕಾಯಬೇಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಮಂಜೇಶ್ವರದ ಸೊಸೆ:
ಊಟ ಸೇರದಿದ್ದರೆ ಒಂದೆಲಗದ ತಂಬುಳಿ ಮಾಡಿ ನೋಡಿ. ನಮ್ಮ ಮಾವ ಬೇರೆ ಏನೂ ಬೇಡ ಅನ್ನುವ ದಿನವೂ ತಂಬುಳಿಯಲ್ಲಿ ಎರಡು ಸೌಟು ಅನ್ನ ಉಣ್ಣುತ್ತಾರೆ. ಸಂಜೆ ಚಾದ ಬದಲು ಪುನರ್ಪುಳಿ (ಕೋಕಮ್) ಶರಬತ್ತು.

ಬದಿಯಡ್ಕದ ಮಗಳು:
ಅಣ್ಣ, ಅಕ್ಕ, ನಿಮಗೆಲ್ಲ ಉಪಕಾರ. ನರ್ಸಕ್ಕ ಹೇಳಿದ್ದೇ ಸರಿ, ಮಾತ್ರೆ ಮೂತ್ರ ಜಾಸ್ತಿ ಮಾಡುವಂಥದ್ದೇ. ಸೋಡಿಯಂ ಸ್ವಲ್ಪ ಕಡಿಮೆ ಬಂತು. ಡಾಕ್ಟರು ಮಾತ್ರೆ ಬದಲಿಸಿದರು, ಗಂಜಿಗೆ ಒಂದು ಮಿಡಿ ಆಗಬಹುದು ಅಂದರು.

ಇವತ್ತು ಹತ್ತಕ್ಕೆ ನಾನೇ ಗಂಜಿ ತೆಗೆದುಕೊಂಡು ಹೋದೆ. ಅಪ್ಪ ಪಂಪಿನ ಶೆಡ್ಡಿನ ನೆರಳಲ್ಲಿ ಕೂತು ಮೊದಲು ತೆಳಿ ಕುಡಿದರು, ಆಮೇಲೆ ಅಗುಳು ಬಿಡದೆ ಉಂಡರು. ಹನ್ನೊಂದಕ್ಕೆ ಮನೆಗೆ ಬರುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ನಾಳೆ ಮತ್ತೆ ಹೋಗಿ ಕರೆಯುತ್ತೇನೆ.